ಬೆಸುಗೆಯ ಮೇಲಿನ ನೀಲಿ

ನದಿ ದಂಡೆಯ ಹಳೆಯ ಕಾಂಕ್ರೀಟ್ ಇಳಿಜಾರಿನಲ್ಲಿ ಗುರು ಪಿಳ್ಳಪ್ಪ ಸ್ಕೂಟರ್ ಸಾಹಸ ಕಲಿಸುತ್ತಿದ್ದರು. ಎಂಜಿನ್ ಇಲ್ಲದ, ನಿಂತು ಕಾಲಿನಿಂದ ತಳ್ಳುವ ಸ್ಕೂಟರ್. ಇಳಿಜಾರಿನಲ್ಲಿ ಧಾವಿಸಿ, ಗಾಳಿಗೆ ಹಾರಿ, ಒಂದು ಸುತ್ತು ತಿರುಗಿ ನೆಲಕ್ಕಿಳಿಯಬೇಕು.

ಅಲ್ಲೊಂದು ಕಟ್ಟಳೆಯಿತ್ತು. ಹಾರುವವನು ತನ್ನ ಸ್ಕೂಟರನ್ನು ತಾನೇ ಪರೀಕ್ಷಿಸುವಂತಿಲ್ಲ, ಜೊತೆಗಾರ ಪರೀಕ್ಷಿಸಬೇಕು. ಹಾರುವ ಆಸೆ ಕಣ್ಣಿಗೆ ಅಡ್ಡ ಬರುತ್ತದೆ ಎನ್ನುತ್ತಿದ್ದರು ಗುರುಗಳು.

ಶಿಷ್ಯರಲ್ಲಿ ಚೆಲುವರಾಜನ ಸ್ಕೂಟರಿನ ಪರೀಕ್ಷೆ ಅವನ ಗೆಳೆಯ ಮುನಿಕೃಷ್ಣನ ಪಾಲಿಗಿತ್ತು. ಬೋಲ್ಟ್ ಬಿಗಿಮಾಡುತ್ತಿದ್ದ. ಚಕ್ರ ತಿರುಗಿಸಿ ಕಿವಿಗೊಡುತ್ತಿದ್ದ. ಗೇಣೆತ್ತರದಿಂದ ನೆಲಕ್ಕೆ ಬಿಟ್ಟು, ಸಡಿಲವಾದದ್ದೇನಾದರೂ ಸದ್ದು ಮಾಡುತ್ತದೆಯೇ ಎಂದು ಕೇಳುತ್ತಿದ್ದ. ಕೊನೆಗೆ ಹ್ಯಾಂಡಲಿನ ಬೆಸುಗೆಯ ಮೇಲೆ ಬೆರಳಾಡಿಸುತ್ತಿದ್ದ. ಬಿರುಕು ಬಿಟ್ಟರೆ ಕಾಣಲಿ ಎಂದು ಬೆಸುಗೆಗೆ ಅಲ್ಲಿ ಯಾರೂ ಬಣ್ಣ ಹಚ್ಚುತ್ತಿರಲಿಲ್ಲ.

ಆಯುಧಪೂಜೆಯ ಮುನ್ನಾದಿನ ಮುನಿಕೃಷ್ಣ ಹಚ್ಚಿದ. ಪೂಜೆಗಿಡುವ ವಸ್ತು ತುಕ್ಕು ಹಿಡಿದಿರಬಾರದು ಎನಿಸಿತು ಅವನಿಗೆ. ಗೆಳೆಯನ ಸ್ಕೂಟರಿಗೆ ಮೇಲಿಂದ ಕೆಳಗಿನವರೆಗೂ ನೀಲಿ ಬಳಿದ.

"ಮದುಮಗನ ಹಾಗೆ ಸಿಂಗರಿಸಿದೀಯಲ್ಲೋ, ಹೆಣ್ಣೆಲ್ಲಿ?" ಎಂದು ಚೆಲುವರಾಜ ನಕ್ಕಿದ್ದ.

ಹಬ್ಬ ಕಳೆದು ಹೆಚ್ಚು ದಿನ ಆಗಿರಲಿಲ್ಲ. ಹಾರಿ ನೆಲಕ್ಕಿಳಿಯುವಾಗ ಹ್ಯಾಂಡಲ್ ಮುರಿಯಿತು. ಚೆಲುವರಾಜನ ಬೆನ್ನುಮೂಳೆಯೂ ಮುರಿಯಿತು. ಇನ್ನು ನಡೆಯಲಾರ ಎಂದರು ವೈದ್ಯರು.

ಮುನಿಕೃಷ್ಣ ಆಸ್ಪತ್ರೆಯಿಂದ ನೇರವಾಗಿ ಗುರುಗಳ ಬಳಿ ಬಂದ.

"ಒಂದು ದಿನಾನೂ ತಪ್ಪಿಸ್ಲಿಲ್ಲ ಗುರುಗಳೇ. ದಿನಾ ನೋಡಿದೀನಿ. ಆದ್ರೂ ಹೀಗಾಯ್ತು."

ಪಿಳ್ಳಪ್ಪ ಮುರಿದ ಹ್ಯಾಂಡಲನ್ನು ಬಿಸಿಲಿಗೆ ಹಿಡಿದರು.

"ಮುರಿದ ಜಾಗ ನೋಡು. ಏನು ಕಾಣ್ತದೆ?"

"ಅರ್ಧ ಹೊಳೀತಿದೆ. ಅರ್ಧ ಕಂದು."

"ಹೊಳೆಯೋದು ಅವತ್ತು ಮುರಿದದ್ದು. ಕಂದು?"

"ಮುಂಚೇನೇ ಇದ್ದ ಬಿರುಕು." ಅವನ ದನಿ ತಗ್ಗಿತು.

"ಇನ್ನೂ ಹತ್ತಿರದಿಂದ ನೋಡು."

ಮುನಿಕೃಷ್ಣ ಬಗ್ಗಿದ. ಕಂದು ತುಕ್ಕಿನ ಅಂಚಿನಲ್ಲಿ ಕೂದಲೆಳೆಯಷ್ಟು ನೀಲಿ. ಬಣ್ಣ ಬಿರುಕಿನೊಳಕ್ಕೆ ಇಳಿದಿತ್ತು. ಅವನು ಬಳಿಯುವಾಗಲೇ ಬಿರುಕು ಅಲ್ಲಿತ್ತು.

"ಹಾಗಾದ್ರೆ ಆಮೇಲೆ ದಿನಾ ನಾನು ಮುಟ್ಟಿ ನೋಡಿದ್ದು?"

"ಬಣ್ಣಾನ." ಗುರುಗಳು ಹ್ಯಾಂಡಲನ್ನು ತೊಡೆಯ ಮೇಲಿಟ್ಟುಕೊಂಡರು. "ನೀನು ಬೆಸುಗೆಗೆ ಬಣ್ಣ ಹಚ್ಚಿದ್ದು ನನ್ನ ಕಣ್ಣಿಗೂ ಬಿದ್ದಿತ್ತು. ಹಬ್ಬ ಅಲ್ವಾ ಅಂತ ಸುಮ್ಮನಾದೆ. ನನ್ನ ತಪ್ಪನ್ನ ನಾನು ಚೆಲುವರಾಜನಿಗೆ ಹೇಳ್ತೀನಿ. ನಿನ್ನದು?"

ಮುನಿಕೃಷ್ಣ ತಲೆ ಎತ್ತಲಿಲ್ಲ.

"ತಪ್ಪು ತನ್ನದೇ ಅಂದ್ಕೊಂಡಿದಾನೆ ಗುರುಗಳೇ. ಓರೆಯಾಗಿ ಇಳಿದೆ, ಅದಕ್ಕೇ ಹ್ಯಾಂಡಲ್ ಮುರೀತು ಅಂತಾನೆ."

"ಮತ್ತೇನಂತಾನೆ?"

"ಅದೇ ಮಾತು. ಎಡಗಾಲು ಮುಂದಿತ್ತಾ, ಭುಜ ಬೇಗ ತಿರುಗಿಸಿದ್ನಾ, ನೀನು ನೋಡ್ತಿದ್ದೆಯಲ್ಲೋ, ಎಲ್ಲಿ ತಪ್ಪಿದೆ ಹೇಳೋ ಅಂತಾನೆ. ಕಣ್ಣು ಮುಚ್ಚಿದ್ರೆ ಅದೇ ಜಿಗಿತ ಅಂತೆ. ನಿದ್ದೆ ಇಲ್ಲ."

"ನೀನೇನಂದೆ?"

"ಭುಜ ಇರ್ಬೇಕು ಅಂದೆ."

ಗುರುಗಳು ಬೆಸುಗೆಯ ನೀಲಿಯ ಮೇಲೆ ಬೆರಳಾಡಿಸಿದರು.

"ನಿಜ ಹೇಳಿದ್ರೆ ಅವನ ಕಾಲು ಬರುತ್ತಾ ಗುರುಗಳೇ?"

"ಇಲ್ಲ."

"ನನ್ನ ಮುಖಾನೂ ನೋಡಲ್ಲ ಅವನು."

"ನೋಡದೇ ಇರಬಹುದು."

ಪಿಳ್ಳಪ್ಪ ಎದ್ದು ನಿಂತು, ಮುರಿದ ಹ್ಯಾಂಡಲನ್ನು ಶಿಷ್ಯನ ಕೈಗಿಟ್ಟರು.

"ಅವನಿನ್ನೂ ಗಾಳಿಯಲ್ಲೇ ಇದಾನೆ ಕಣಪ್ಪ. ಹೋಗಿ ಇಳಿಸು."