ಧೋತರದ ಜಾಳು ಪಟ್ಟಿಗಳು

"ಅಪ್ಪಾರ, ಒಳ್ಳೆ ಡಾಕ್ಟರು ಸಿಕ್ಕಾರ, ಔಷಧ ಕೊಟ್ಟಾರ. ಇನ್ನ ರೋಗಿ ಮಾಡೂದು ಏನ ಉಳದೈತ್ರಿ?"

ಗುರುಗಳನ್ನು ಹೀಗೆ ಕೇಳಿದವನು ಮಠದ ಶಿಷ್ಯ ಮುರಿಗೆಯ್ಯ. ವರ್ಷದಿಂದ ಅವನಿಗೆ ಸಂಧಿವಾತ. ಮರುದಿನ ವೈದ್ಯರ ಬಳಿ ಹೋಗಬೇಕಿತ್ತು. ಬೇಸಿಗೆಯಾದರೂ ಶಾಲು ಹೊದ್ದು, ಎರಡೂ ಕೈಗಳನ್ನು ಅದರೊಳಗೆ ಇಟ್ಟುಕೊಂಡು ಕೂತಿದ್ದ. ಗುರುಗಳು ಶಾಲನ್ನೊಮ್ಮೆ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಕೈಮಗ್ಗದಲ್ಲಿ ಧೋತರ ನೇಯುತ್ತಿದ್ದ. ಅವನದೊಂದು ರೂಢಿ. ಬಟ್ಟೆ ಕೊಡುವಾಗ ತಾನೇ ಬಿಚ್ಚಿ, ಎಳೆ ತಪ್ಪಿದ ಕಡೆ ಬೆರಳಿಟ್ಟು ತೋರಿಸುವನು. ಕೊಳ್ಳುವವರು ಬೇಡವೆಂದರೂ ಬಿಡುವವನಲ್ಲ. ಊರಿನವರು ಇದಕ್ಕಾಗಿ ಅವನನ್ನು ಗೇಲಿ ಮಾಡುತ್ತಿದ್ದರು. ಬಟ್ಟೆಯನ್ನು ಮಾತ್ರ ಅವನ ಬಳಿಯೇ ಕೊಳ್ಳುತ್ತಿದ್ದರು.

ಅವನಿಗೂ ನಿನ್ನದೇ ಕಾಯಿಲೆ ಬಂತು. ಪಟ್ಟಣದ ವೈದ್ಯರು ಮೊದಲ ದಿನವೇ ಹೇಳಿದ್ದರು: ಬೆರಳು ಒಮ್ಮೆ ಸೊಟ್ಟಗಾದರೆ ಯಾವ ಔಷಧವೂ ಅದನ್ನು ನೆಟ್ಟಗೆ ಮಾಡದು, ಅದಕ್ಕೆ ಮೊದಲೇ ಸರಿಯಾದ ಔಷಧ ಹಿಡಿಯಬೇಕು. ನೇಕಾರ ಹೆದರಿದ. ಬೆರಳು ಹೋದರೆ ಮಗ್ಗ ಹೋಯಿತು. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿದ.

ಆದರೆ ವೈದ್ಯರ ಬಳಿ ಹೋಗುವುದೆಂದರೆ ಅವನಿಗೆ ಬೀಗರ ಮನೆಗೆ ಹೋದ ಹಾಗೆ. ಎರಡು ದಿನ ಮೊದಲೇ ಮಗ್ಗ ನಿಲ್ಲಿಸುವನು. ಆ ದಿನ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು, ನೋವಿನ ಮಾತ್ರೆ ಒಂದನ್ನು ಹೆಚ್ಚಿಗೆ ನುಂಗಿ, ಮಧ್ಯಾಹ್ನದ ಬಸ್ಸು ಹಿಡಿಯುವನು. ಬಾವು ಇಳಿದಿರುತ್ತಿತ್ತು, ಕೈ ಸಡಿಲವಾಗಿರುತ್ತಿತ್ತು. ಹೇಗಿದ್ದೀರಿ ಎಂದು ವೈದ್ಯರು ಕೇಳಿದರೆ ಆರಾಮ ಎನ್ನುವನು. ಔಷಧ ಕೊಟ್ಟವರ ಎದುರಿಗೆ ನೋವು ಹೋಗಿಲ್ಲ ಎಂದರೆ ಅವರಿಗೆ ಅವಮಾನ ಮಾಡಿದಂತೆ ಎಂದು ಅವನ ಲೆಕ್ಕ. ಎಂಥ ಮರ್ಯಾದಸ್ಥ ನೋಡು. ನನಗೆ ಅವನ ಮೇಲೆ ಸಿಟ್ಟು ಬರುವುದೇ ಇಲ್ಲಿ.

ಹೀಗೆ ಆರು ತಿಂಗಳು ಹೋಯಿತು. ವೈದ್ಯರಿಗೆ ಏನಾದರೂ ಕೊಡಬೇಕೆಂದು ಅವನು ಒಂದು ಧೋತರ ನೇಯ್ದ. ಕೊಟ್ಟಾಗ ರೂಢಿ ಬಿಡಲಿಲ್ಲ. ತಾನೇ ಬಿಚ್ಚಿ, ಅಲ್ಲಲ್ಲಿ ಬೆರಳಿಟ್ಟು, ಇಲ್ಲಿ ನೇಯ್ಗೆ ಸಡಿಲವಾಗಿ ಜಾಳಾಗಿದೆ, ಇಲ್ಲಿಯೂ ಜಾಳಾಗಿದೆ ಎಂದು ತೋರಿಸಿದ. ವೈದ್ಯರು ಧೋತರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗೇಣಿಗೊಂದು ಜಾಳು ಪಟ್ಟಿ. ಮೊದಲ ಪಟ್ಟಿ ಎರಡು ಬೆರಳಗಲ, ಕೊನೆಯದು ನಾಲ್ಕು ಬೆರಳಗಲ. ಯಾಕೆ ಹೀಗೆ ಎಂದು ಕೇಳಿದರು.

"ಅದು ದಿನಾ ಮುಂಜಾನಿ ನೇಯ್ದದ್ದರಿ. ಹೊತ್ತೇರೂ ತನಕ ನನಗ ಮುಷ್ಟಿ ಕಟ್ಟಾಕ ಬರೂದಿಲ್ಲ."

ಬಟ್ಟೆಯ ಬಗ್ಗೆ ಅವನಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ವೈದ್ಯರು ಅವನ ಕೈ ಹಿಡಿದು, ಒಂದೊಂದೇ ಗೆಣ್ಣನ್ನು ಒತ್ತಿ ನೋಡಿದರು.

"ಆರು ತಿಂಗಳಿಂದ ಆರಾಮ ಅದೀನಿ ಅಂದ್ರಿ. ನಾ ಔಷಧ ಕೊಟ್ಟದ್ದು ಆ ಮಾತಿಗೆ, ಈ ಕೈಗಲ್ಲ."

ಅಂದಿನಿಂದ ನೇಕಾರ ಮಗ್ಗದ ಕಂಬಕ್ಕೆ ಒಂದು ನೂಲು ಇಳಿಬಿಟ್ಟ. ಮುಂಜಾನೆ ಮುಷ್ಟಿ ಕಟ್ಟಲು ಅರ್ಧ ತಾಸು ಹಿಡಿದರೆ ಒಂದು ಗಂಟು, ಒಂದು ತಾಸು ಹಿಡಿದರೆ ಎರಡು. ಮೊದಮೊದಲು ಗಂಟು ಹಾಕಲೂ ಬಾರದೆ ಹೆಂಡತಿಯಿಂದ ಹಾಕಿಸಿದ. ಅವನು ಒಯ್ದು ತೋರಿಸಿದ ಆ ನೂಲನ್ನು ನೋಡಿ ವೈದ್ಯರು ಎರಡು ಸಲ ಔಷಧ ಬದಲಿಸಿದರು. ಒಂದೇ ಸಮನೆ ನೇಯ್ದ ಮರುದಿನ ಗಂಟು ಹೆಚ್ಚುತ್ತದೆ ಎಂಬುದನ್ನು ಅವನು ತಾನೇ ಕಂಡುಕೊಂಡ. ನಡುನಡುವೆ ಕೈಗೆ ಬಿಡುವು ಕೊಡತೊಡಗಿದ. ಮಳೆಗಾಲ ಮುಗಿಯುವ ಹೊತ್ತಿಗೆ ನೂಲಿನಲ್ಲಿ ಗಂಟು ಅಪರೂಪವಾಯಿತು. ಧೋತರ ಮೊದಲಿನ ಹಾಗೆ ಬಿಗಿಯಾಯಿತು. ಎಡಗೈಯ ಎರಡು ಬೆರಳು ಮಾತ್ರ ಸೊಟ್ಟಗೇ ಉಳಿದವು. ಆ ಆರು ತಿಂಗಳಲ್ಲಿ ಹೋದದ್ದು ಮರಳಿ ಬರಲಿಲ್ಲ.

ಕತೆ ಮುಗಿಯಿತು. ಮುರಿಗೆಯ್ಯ ಇನ್ನೊಂದು ಪ್ರಶ್ನೆ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಗುರುಗಳು ಎದ್ದು ನಿಂತರು.

"ನಾಳೆ ಡಾಕ್ಟರ ಕಡೆ ಹೋಗುವಾಗ ಆ ಶಾಲು ಇಲ್ಲೇ ಬಿಟ್ಟು ಹೋಗಪಾ."