ಜಡಿಯಪ್ಪ ಬಿಲ್ಲಂಗಡಿ ಹುಡುಕಿದ್ದು

ಒಂದಾನೊಂದು ಕಾಲದಲ್ಲಿ, ಶಿವ ಇನ್ನೂ ಆಗಾಗ ಗುಡ್ಡ ಇಳಿದು ಬಂದು ಜನರ ಜಗಲಿ ಮೇಲೆ ಕೂತು ಹೋಗ್ತಿದ್ದ ಕಾಲದಲ್ಲಿ, ಬರೀ ಬಂಡೆ, ಜಾಲಿ, ಕಾರೆಗಿಡ ಇರೋ ಕಡೆ ಒಂದು ಬೇಟೆಗಾರರ ಹಟ್ಟಿ ಇತ್ತಂತೆ. ಕಾಲು ಒಳಗೆ ಎಳ್ಕೊ ಮಗಾ, ಕೌದಿ ಸರಿಯಾಗಿ ಹೊದ್ಕೊ, ಹೇಳ್ತೀನಿ.

ಆ ಹಟ್ಟೀಲಿ ಪಾಲಯ್ಯ ಅಂತ ಒಬ್ಬ ಮುದುಕ. ವಯಸ್ಸಿನಲ್ಲಿ ಒಳ್ಳೆ ಬೇಟೆಗಾರ, ಆಮೇಲೆ ಕಣ್ಣಿಗೆ ಪೊರೆ ಬಂದು ಎದುರಿಗೆ ನಿಂತೋರ ಮುಖವೂ ಮಂಜುಮಂಜಾಗಿ ಕಾಣೋದಂತೆ. ಗಂಡುಮಕ್ಕಳಿಲ್ಲ, ಸೂರವ್ವ ಅಂತ ಒಬ್ಬಳೇ ಮಗಳು. ಅವಳಿಗೆ ಹೊಳೆಯಾಚೆಯ ಜಡಿಯಪ್ಪ ಅನ್ನೋನನ್ನ ತಂದು ಮನೆ ಅಳಿಯ ಮಾಡ್ಕೊಂಡರಂತೆ. ಜಡಿಯಪ್ಪನ ಕಡೆಯೋರು ಬೇಟೆ ಬಿಟ್ಟು ಎರಡು ತಲೆಮಾರಾಗಿತ್ತು. ಕುರಿ ಸಾಕೋದು, ಉಣ್ಣೆ ಎಕ್ಕೋದು, ಕಂಬಳಿ ನೇಯೋದು, ಅವನಿಗೆ ಗೊತ್ತಿದ್ದದ್ದು ಇಷ್ಟೇ. ಎಕ್ಕೋದು ಅಂದ್ರೆ ಏನು ಅಂತೀಯಾ? ಒಂದು ದೊಡ್ಡ ಬಿಲ್ಲು ಇರುತ್ತೆ, ಅದಕ್ಕೆ ಬಿಗಿಯಾಗಿ ಕಟ್ಟಿದ ಹೆದೇನ ಉಣ್ಣೆ ಗುಡ್ಡೆ ಮೇಲಿಟ್ಟು ಟುಂಯ್ ಟುಂಯ್ ಅಂತ ಮೀಟಿದರೆ ಉಣ್ಣೆಯೆಲ್ಲ ಬಿಡಿಬಿಡಿಯಾಗಿ ಮೋಡದ ಹಾಗೆ ಅರಳುತ್ತೆ. ಜಡಿಯಪ್ಪ ಹುಟ್ಟಿದಾರಭ್ಯ ಕೈಲಿ ಹಿಡಿದಿದ್ದ ಬಿಲ್ಲು ಅದೊಂದೇ. ಅದನ್ನೂ ಎಡಗೈಲಿ ಮೀಟ್ತಿದ್ದನಂತೆ, ಹುಟ್ಟಾ ರೊಡ್ಡ ಅವನು.

ಆ ಹಟ್ಟೀಲಿ ಒಂದು ಕಟ್ಟಳೆ ಇತ್ತು. ಯುಗಾದಿ ಕಳೆದ ಮೇಲೆ ವರ್ಷದ ಮೊದಲ ಬೇಟೆ. ಬೇಟೆ ಮುಗಿದ ಮೇಲೆ ಹಟ್ಟಿ ಯಜಮಾನ ಬಂಡೆ ಮೇಲೆ ನಿಂತು ಒಂದೊಂದೇ ಮನೆ ಹೆಸರು ಕೂಗಬೇಕು, ಆ ಮನೆಯೋರು ಓ ಅಂತ ಓಗೊಟ್ಟು ಪಾಲು ಇಸ್ಕೋಬೇಕು. ಹೊಡೆದೋರಿಗೆ ಮಾತ್ರ ಪಾಲು ಅಂತಲ್ಲ, ಬಿಲ್ಲು ಹಿಡಿದು ಬಂದ ಪ್ರತಿ ಮನೆಗೂ ಪಾಲು. ಆದರೆ ಮೂರು ವರ್ಷ ಒಂದೇ ಸಮನೆ ಯಾವ ಮನೆಯಿಂದ ಬಿಲ್ಲು ಬರಲಿಲ್ಲವೋ ಆ ಮನೆ ಹೆಸರನ್ನ ಕೂಗೋದನ್ನೇ ಬಿಟ್ಟುಬಿಡ್ತಿದ್ದರಂತೆ. ಪಾಲಯ್ಯನ ಕಣ್ಣು ಹೋಗಿ ಎರಡು ಯುಗಾದಿ ಆಗಿತ್ತು. ಎರಡು ವರ್ಷವೂ ಹೆಸರು ಕೂಗಿದರು, ಮುದುಕ ಓ ಅಂದ, ಬರಿಗೈಲಿ ಮನೆಗೆ ಬಂದ. ಇದು ಮೂರನೇ ವರ್ಷ.

ಮಾವನ ಹಳೇ ಬಿಲ್ಲನ್ನೇ ಅಳಿಯ ಹಿಡೀಬಹುದಿತ್ತಲ್ಲ ಅಂತೀಯಾ? ಹಾಗೆ ಆಗಲ್ಲ ಮಗಾ. ಕಣ್ಣು ಹೋದ ದಿನವೇ ಬೇಟೆಗಾರ ತನ್ನ ಬಿಲ್ಲನ್ನ ಗುಡ್ಡದವ್ವನ ಗುಡಿಗೆ ಒಪ್ಪಿಸಿಬಿಡಬೇಕು. ಆಮೇಲೆ ಅದು ಅವಳ ಸೊತ್ತು. ಜಡಿಯಪ್ಪ ತನ್ನ ಮೊದಲ ಬಿಲ್ಲನ್ನ ತಾನೇ ಹುಡುಕಿ ತರಬೇಕಾಗಿತ್ತು.

ಬೇಟೆಗೆ ಇನ್ನು ಹನ್ನೆರಡು ದಿನ ಇದೆ ಅನ್ನೋವಾಗ ಜಡಿಯಪ್ಪ ತಾನೇ ನೇಯ್ದ ಒಂದು ಕರಿ ಕಂಬಳಿ ಮಡಿಸಿ ಹೆಗಲಿಗೆ ಹಾಕ್ಕೊಂಡನಂತೆ, ಅದನ್ನ ಕೊಟ್ಟು ಬಿಲ್ಲು ತರೋಣ ಅಂತ. ಪಕ್ಕದ ಮನೆ ಗಾದ್ರಯ್ಯ ಬೇಲಿ ಆಚೆಯಿಂದಲೇ, ಏನಳಿಯಂದ್ರೇ, ಬಿಲ್ಲು ತಂದು ಹಂದಿ ಮೈಯಿನ ಕೂದಲು ಎಕ್ತೀರಾ ಹೇಗೆ ಅಂತ ಕೇಳಿದನಂತೆ. ಸೂರವ್ವ ಒಳಗಿಂದ, ನಿನ್ನ ತಲೇದೂ ಎಕ್ಕಿಕೊಡ್ತಾರೆ ಬಾ, ಇರೋದು ನಾಲ್ಕು ಕೂದಲು, ಬೇಗ ಆಗುತ್ತೆ ಅಂದಳಂತೆ. ಪಾಲಯ್ಯ ಮಾತ್ರ ನಗಲಿಲ್ಲ. ಅಳಿಯನ ತೋಳು ತಡವಿ, ಅಪ್ಪಾ, ಬಿಲ್ಲು ನೋಡಿ ಮರುಳಾಗಬೇಡ, ಅಂಗಡಿ ನೋಡು, ಅಂಗಡೀಲಿ ಕೂತೋರನ್ನ ನೋಡು, ಮಿಕ್ಕದ್ದು ಶಿವ ನೋಡ್ಕೋತಾನೆ ಅಂತ ಹೇಳಿ ಹಣೆಗೆ ವಿಭೂತಿ ಇಟ್ಟನಂತೆ.

ಆಮೇಲೆ ಜಡಿಯಪ್ಪ ಒಂದು ಹಗಲು ನಡೆದು ಪೇಟೆ ಸೇರಿದ. ಅಲ್ಲಿ ಬಿಲ್ಲಿನ ಅಂಗಡಿಗಳು ಮೂರು ಇದ್ದವಂತೆ.

ಮೊದಲನೇ ಅಂಗಡಿ ಬಾಗಿಲಿಗೆ ನವಿಲುಗರಿ ಕಟ್ಟಿತ್ತಂತೆ. ಒಳಗೆ ಕೆಂಪು ಬಿಲ್ಲು, ಹಳದಿ ಬಿಲ್ಲು, ಹೂಬಳ್ಳಿ ಬರೆದ ಬಿಲ್ಲು, ಎಲ್ಲಕ್ಕೂ ಹೆದೆ ಏರಿಸಿ ಸಾಲಾಗಿ ನಿಲ್ಲಿಸಿದ್ದರು. ಅಂಗಡಿಯವನು, ಬನ್ನಿ ಸ್ವಾಮೀ, ನಿಮ್ಮ ಮುಖ ನೋಡಿದರೇ ದೊಡ್ಡ ಬೇಟೆಗಾರರು ಅಂತ ಗೊತ್ತಾಗುತ್ತೆ ಅಂದ. ಜಡಿಯಪ್ಪನಿಗೆ ನಾಚಿಕೆಯಾಯ್ತು, ಆದರೂ ಖುಷಿಯಾಯ್ತು. ಆಮೇಲೆ ಏನು ಮಾಡಿದ ಗೊತ್ತಾ? ಉಣ್ಣೆ ಎಕ್ಕೋರು ಬಿಲ್ಲು ಆರಿಸೋ ಹಾಗೆ ಒಂದೊಂದರ ಹೆದೇನೂ ಬೆರಳಲ್ಲಿ ಮೀಟಿ, ಕಿವಿಗೊಟ್ಟು ಕೇಳ್ತಾ ಹೋದ. ಕೊನೇಲಿ ಒಂದು ಬಿಲ್ಲು ಗುಡಿ ಗಂಟೆ ಹಾಗೆ ಇಂಪಾಗಿ ನುಡೀತು, ಇದೇ ನನ್ನದು ಅಂದ್ಕೊಂಡ. ಕಂಬಳಿ ತೆಗೆದು ಇನ್ನೇನು ಕೊಡಬೇಕು, ಮೇಲೆ ಸೂರಿನಲ್ಲಿ ಹಲ್ಲಿ ಲೊಚಲೊಚ ಅಂತಂತೆ. ತಡೆ ಅಂತ ಶಿವನೇ ಹೇಳಿಸಿದ ಹಾಗಾಯ್ತು, ದೇವರನ್ನ ನಂಬಿದೋರಿಗೆ ಅಷ್ಟು ಸಾಕು. ಜಡಿಯಪ್ಪ ಕೈ ಹಿಂದಕ್ಕೆ ತಗೊಂಡು, ಒಂದು ಸಲ ಪೂರ್ತಿ ಎಳೆದು ನೋಡ್ತೀನಿ ಅಂದ. ಅಂಗಡಿಯವನ ಮುಖ ಹುಳ್ಳಗಾಯ್ತು. ಅಯ್ಯೋ, ಎಳೀಬೇಡಿ, ಬಣ್ಣ ಬಿರಿಯುತ್ತೆ, ಮನೆಗೆ ತಗೊಂಡು ಹೋಗಿ ಬೇಕಾದಷ್ಟು ಎಳ್ಕೊಳ್ಳಿ ಅಂದ. ಎಳೆಯಕ್ಕೆ ಬಿಡದ ಬಿಲ್ಲು ನನಗ್ಯಾಕಪ್ಪಾ ಅಂತ ಜಡಿಯಪ್ಪ ಕೈಮುಗಿದು ಹೊರಗೆ ಬಂದನಂತೆ.

ಮಾರನೇ ದಿನ ಎರಡನೇ ಅಂಗಡಿ. ಅಲ್ಲಿ ಕೂತವನು ಗರಡಿ ಆಳಿನ ಹಾಗೆ, ಮೀಸೇನೇ ಒಂದು ಬಿಲ್ಲಿನಷ್ಟಿತ್ತಂತೆ. ಗೋಡೆಗೆ ಒರಗಿಸಿದ ಬಿಲ್ಲುಗಳೋ ತೊಲೆಗಳ ಹಾಗೆ ದಪ್ಪ. ಅವನು ಜಡಿಯಪ್ಪನನ್ನ ಏನೂ ಕೇಳಲಿಲ್ಲ, ಎಲ್ಲಕ್ಕಿಂತ ದೊಡ್ಡದನ್ನ ತೆಗೆದು ಎಡಗೈಲಿ ಹಿಡಿಸಿದ, ಹೆದೆಯನ್ನ ಬಲಗೈಗೆ ಕೊಟ್ಟ, ಎಳಿ, ಗಂಡಸು ಹಿಡಿಯೋ ಬಿಲ್ಲು ಇದು ಅಂದ. ಜಡಿಯಪ್ಪ ನಾನು ರೊಡ್ಡ ಅಂತ ಹೇಳಕ್ಕೆ ಬಾಯಿ ತೆಗೆದ, ಗಂಡಸು ಅನ್ನೋ ಮಾತು ಕೇಳಿ ಮುಚ್ಚಿಕೊಂಡ. ಎಳೆದ ಎಳೆದ, ಬೆವರು ಬಂತು, ಭುಜದಲ್ಲಿ ಲಟಕ್ ಅಂತು, ಹೆದೆ ಒಂದು ಗೇಣೂ ಬರಲಿಲ್ಲ. ಮೀಸೆಯವನು ನಕ್ಕು, ತಗೊಂಡು ಹೋಗು, ಒಂದು ವರ್ಷ ಎಳೀತಾ ಇದ್ದರೆ ತಾನೇ ಬಗ್ಗುತ್ತೆ ಅಂದನಂತೆ. ನನಗಿರೋದು ಹತ್ತೇ ದಿನ ಅಣ್ಣಾ ಅಂದ ಜಡಿಯಪ್ಪ. ಹಾಗಾದರೆ ಕುರಿ ಕಾಯಕ್ಕೆ ಹೋಗು ಅಂದ ಮೀಸೆಯವನು.

ಜಡಿಯಪ್ಪ ನೋಯೋ ಭುಜ ಹಿಡ್ಕೊಂಡು ಬಾವಿಕಟ್ಟೆ ಮೇಲೆ ಕೂತನಂತೆ. ಶಿವನೇ, ನನಗೋಸ್ಕರ ಕೇಳ್ತಿಲ್ಲ, ನನ್ನ ಹೆಸರು ಯಾರು ಕೂಗಿದರೆಷ್ಟು ಬಿಟ್ಟರೆಷ್ಟು. ಆ ಮುದುಕ ವರ್ಷವಿಡೀ ಕಾಯೋದು ಆ ಒಂದು ಕೂಗಿಗೆ, ಅದನ್ನ ಅವನಿಂದ ಕಿತ್ಕೋಬೇಡ ಅಂದನಂತೆ. ಹಾಗೆ ಅಂದು ಕಣ್ಣೊರೆಸಿಕೊಂಡು ನೋಡಿದರೆ, ಬಾವಿಯ ಎದುರಿಗೇ ಒಂದು ಗುಡಿಸಲು. ಅದರ ಸೂರಿಗೆ ನೆಟ್ಟಗಿರೋ ಕೋಲುಗಳನ್ನ ಮಗ್ಗುಲುಮಗ್ಗುಲಾಗಿ ನೇತುಹಾಕಿದೆ, ಕೆಳಗೆ ಒಬ್ಬ ಮುದುಕಿ ಬಿದಿರು ಹೆರೀತಾ ಕೂತಿದಾಳೆ. ತಿಪ್ಪವ್ವ ಅಂತ ಅವಳ ಹೆಸರು.

ಅವ್ವಾ, ಇದೇನು ಕುರಿ ಕಾಯೋ ಕೋಲಿನ ಅಂಗಡಿಯಾ ಅಂತ ಕೇಳಿದ ಜಡಿಯಪ್ಪ. ತಿಪ್ಪವ್ವ ತಲೆ ಎತ್ತದೆ, ಹೌದಪ್ಪ, ಕುರಿ ತಾನಾಗೇ ನಡ್ಕೊಂಡು ಬಂತು, ಕಾಯೋನು ಎಲ್ಲಿ ಅಂದಳಂತೆ. ಆಮೇಲೆ ಅವನ ಪೆಚ್ಚುಮುಖ ನೋಡಿ ಪಾಪ ಅನ್ನಿಸಿ, ಕೂತ್ಕೊ ಮಗನೇ, ಅವೇ ಬಿಲ್ಲು, ಹೆದೆ ಬಿಚ್ಚಿ ನೇತುಹಾಕಿದೀನಿ, ಹಗಲೂ ರಾತ್ರಿ ನೊಗ ಹೊತ್ತ ಎತ್ತು ಉಳುತ್ತೇನೋ, ಬಿಲ್ಲಿಗೂ ಮಲಗೋ ಹೊತ್ತು ಬೇಕು, ಸದಾ ಹೆದೆ ಏರಿಸಿಟ್ಟರೆ ಅದರ ಜೀವ ಹೋಗುತ್ತೆ ಅಂದಳಂತೆ. ಜಡಿಯಪ್ಪನಿಗೆ ನವಿಲುಗರಿ ಅಂಗಡಿಯ ಸಾಲು ಕಣ್ಣಮುಂದೆ ಬಂತು.

ಅವನು, ಬಿಲ್ಲು ತೋರಿಸವ್ವಾ ಅಂದ. ಅವಳು ಮೊದಲು ಕೈ ತೋರಿಸು ಅಂದಳು. ಅವನು ಬಲಗೈ ಚಾಚಿದ. ಅವಳು ನೋಡಿ, ಇನ್ನೊಂದು ಅಂದಳು. ಅವನು ಹಿಂದೆ ಮುಂದೆ ನೋಡ್ತಾ ಎಡಗೈ ಚಾಚಿದ. ಎಡಗೈಯ ಎರಡು ಬೆರಳ ತುದೀಲಿ ಕಲ್ಲಿನ ಹಾಗೆ ಜಡ್ಡುಗಟ್ಟಿತ್ತು. ತಿಪ್ಪವ್ವ ಆ ಜಡ್ಡನ್ನ ಹೆಬ್ಬೆರಳಲ್ಲಿ ಒತ್ತಿ, ಉಣ್ಣೆ ಎಕ್ಕೋನಾ ನೀನು, ಹತ್ತು ವರ್ಷದಿಂದ ಹೆದೆ ಜೊತೆ ಮಾತಾಡಿದ ಕೈ ಇದು, ಇದನ್ನ ಯಾಕಪ್ಪ ಬಚ್ಚಿಡ್ತೀಯಾ ಅಂದಳಂತೆ. ಅಷ್ಟು ದಿನದಲ್ಲಿ ಅವನ ಕೈನ ಹಾಗೆ ಹಿಡಿದು ನೋಡಿದೋರು ಯಾರೂ ಇರಲಿಲ್ಲ.

ಆಮೇಲೆ ಮೂರು ಬಿಲ್ಲು ಇಳಿಸಿ, ಹೆದೆ ಏರಿಸಿ, ಬಿಲ್ಲನ್ನ ಬಲಗೈಗೆ ಕೊಟ್ಟು, ಎಡಗೈಲಿ ಎಳೀ ಅಂದಳು. ತುಟಿಯ ಅಂಚಿಗೆ ಎಳೆದು ಹಿಡೀಬೇಕು, ಅವಳು ಶಿವ ಶಿವ ಶಿವ ಅಂತ ನಿಧಾನವಾಗಿ ಮೂರು ಸಲ ಅನ್ನೋ ತನಕ ಕೈ ನಡುಗಬಾರದು. ಮೊದಲನೇ ಬಿಲ್ಲಿಗೆ ಒಂದೇ ಶಿವ, ಕೈ ನಡುಗಿತು. ಎರಡನೇದಕ್ಕೆ ಎರಡು. ಮೂರನೇದು ಎಲ್ಲಕ್ಕಿಂತ ಸಣ್ಣದು, ಬಣ್ಣವಿಲ್ಲ ಬಳ್ಳಿಯಿಲ್ಲ. ಅದಕ್ಕೆ ಮೂರು ಶಿವನೂ ಆಗಿ ಇನ್ನೊಂದು ಶಿವ ಅನ್ನಬಹುದಾಗಿತ್ತು. ಇದೇ ನಿನ್ನದು, ಮೊದಲ ಬಿಲ್ಲು ಮೆತ್ತಗಿರಬೇಕು ಅಂತ ತಿಪ್ಪವ್ವ ಬಾಣ ಕೂರೋ ಕಚ್ಚನ್ನ ರೊಡ್ಡಗೈಗೆ ಒಪ್ಪೋ ಹಾಗೆ ಇನ್ನೊಂದು ಮಗ್ಗುಲಿಗೆ ಕೊರೆದುಕೊಟ್ಟಳಂತೆ. ಅವನು ಕಂಬಳಿ ಕೊಡಹೋದರೆ ತಗೊಳ್ಳಲಿಲ್ಲ. ಮೂರು ದಿನ ಅಲ್ಲೇ ಇರಿಸಿಕೊಂಡು, ಮುದ್ದೆ ಸಾರು ಹಾಕಿ, ಹುಲ್ಲಿನ ಕಂತೆಗೆ ಬಾಣ ಬಿಡಿಸಿ, ಬಾಣ ಹತ್ತಕ್ಕೆ ಎಂಟು ಕಂತೆಗೆ ಕೂತ ಮೇಲೆ ಕಂಬಳೀನ ಇಸ್ಕೊಂಡು, ಮೊದಲು ಗೋಡೆಗೂಡಲ್ಲಿದ್ದ ತನ್ನ ಶಿವಲಿಂಗದ ಮುಂದೆ ಹಿಡಿದು ತೋರಿಸಿ, ಆಮೇಲೆ ಹೊದ್ದುಕೊಂಡಳಂತೆ. ಬಿಲ್ಲೇನಾದರೂ ಒಂದು ಕಡೆ ಎಳೆದರೆ ತಗೊಂಡು ಬಾ, ಸರಿ ಮಾಡಿಕೊಡ್ತೀನಿ, ಅದಕ್ಕೆ ಏನೂ ಕೊಡಬೇಕಾಗಿಲ್ಲ ಅಂದಳಂತೆ.

ಮನೆಗೆ ಬಂದ ಮೇಲೆ ಜಡಿಯಪ್ಪ ದಿನಾ ಬೆಳಗ್ಗೆ ಹಿತ್ತಲಲ್ಲಿ ಬಾಣ ಬಿಡೋದು, ಪಾಲಯ್ಯ ಗೋಡೆಗೊರಗಿ ಕೇಳ್ತಾ ಕೂರೋದು. ಸದ್ದಿನಲ್ಲೇ ಮುದುಕನಿಗೆ ಗೊತ್ತಾಗೋದು, ಈಗ ಚೆನ್ನಾಗಿ ಹೋಯ್ತು, ಈಗ ಮೊಣಕೈ ಇಳೀತು ಅಂತ. ಮಲಗಿದೆಯಾ ಮಗಾ? ಇಲ್ವಾ, ಸರಿ.

ಬೇಟೆ ದಿನ ಬಂತು. ಹೊಸ ಬಿಲ್ಲು ಬೇಟೆಗೆ ಇಳಿಯೋ ಮುಂಚೆ ಗುಡ್ಡದವ್ವನ ಗುಡಿ ಮುಂದಿನ ಬಂಡೆ ಮೇಲಿಂದ ಕೊಳ್ಳ ದಾಟಿಸಿ ಬಾಣ ಬಿಡಬೇಕು, ಮೂರು ಬಾಣದಲ್ಲಿ ಒಂದಾದರೂ ಆಚೆ ದಡ ಮುಟ್ಟಬೇಕು, ಆಗಲೇ ಅದನ್ನ ಬಿಲ್ಲು ಅಂತ ಒಪ್ಪೋದು. ಜಡಿಯಪ್ಪ ಬಂಡೆ ಹತ್ತಿ, ಬಿಲ್ಲು ಬಲಗೈಲಿ ಹಿಡಿದ. ಯಜಮಾನ ಬೊಮ್ಮಲಿಂಗಯ್ಯ ತಡೆದು, ಅಪ್ಪಾ, ಅವ್ವನ ಮುಂದೆ ಎಡಗೈಲಿ ಬಾಣ ಬಿಟ್ಟದ್ದು ನಮ್ಮ ಹಿರೀಕರ ಕಾಲದಿಂದ ಇಲ್ಲ, ಬಲಗೈಲಿ ಬಿಡು ಅಂದನಂತೆ. ಅವನು ಕೆಟ್ಟೋನಲ್ಲ ಮಗಾ, ಅವ್ವನಿಗೆ ಎಲ್ಲಿ ಅಪಚಾರ ಆಗುತ್ತೋ ಅಂತ ಹೆದರಿದೋನು ಅಷ್ಟೇ. ಜಡಿಯಪ್ಪ ಎದುರಾಡದೆ ಕೈ ಬದಲಾಯಿಸಿದ. ಮೊದಲ ಬಾಣ ಕೊಳ್ಳದ ನಡುವೆ ಬಿತ್ತು. ಎರಡನೇದು ಓಲಾಡಿಕೊಂಡು ಬಂಡೆ ಬುಡಕ್ಕೇ ಬಿತ್ತು. ಗಾದ್ರಯ್ಯ, ಅಳಿಯಂದ್ರು ಇರುವೆ ಬೇಟೆ ಆಡ್ತಿದಾರೆ, ಸುಮ್ಮನಿರ್ರೋ ಅಂದ, ನಾಲ್ಕು ಜನ ನಕ್ಕರು. ಜಡಿಯಪ್ಪನ ಕೈಲಿ ಉಳಿದದ್ದು ಒಂದೇ ಬಾಣ. ಅವನು ಮಾವನ ಕಡೆ ತಿರುಗಿ ನೋಡಲಾರದೆ ನೆಲ ನೋಡ್ತಾ ನಿಂತನಂತೆ.

ಆಗ ಪಾಲಯ್ಯ ಕೋಲೂರಿಕೊಂಡು ಎದ್ದ. ಇದು ನಮ್ಮ ಹಿತ್ತಲಲ್ಲಿ ಕೇಳಿದ ಹೆದೆ ಸದ್ದಲ್ಲ ಅಂದ. ಆಮೇಲೆ ಬೊಮ್ಮಲಿಂಗಯ್ಯನ ದನಿ ಬಂದ ಕಡೆ ಕೈಮುಗಿದು, ಯಜಮಾನ್ರೇ, ನನಗೆ ಕಣ್ಣಿಲ್ಲ, ನೀವೇ ಹೇಳಿ, ಶಿವನ ಮೈಯಲ್ಲಿ ನಮ್ಮವ್ವ ಯಾವ ಕಡೆ ಸೇರ್ಕೊಂಡಿದಾಳೆ ಅಂತ ಕೇಳಿದನಂತೆ. ಬೊಮ್ಮಲಿಂಗಯ್ಯ, ಎಡಗಡೆ, ಇದನ್ನೂ ಕೇಳಬೇಕಾ ಅಂದ. ಹಾಗಾದರೆ ಅದು ಅವಳ ಕಡೆ ಕೈ ಅಲ್ಲವಾ, ಅವಳ ಕೈನ ಅವಳ ಮುಂದೆ ಎತ್ತಬೇಡ ಅಂತ ಈ ಹುಡುಗನಿಗೆ ಹೇಗೆ ಹೇಳೋಣ ಅಂದ ಪಾಲಯ್ಯ. ಬೊಮ್ಮಲಿಂಗಯ್ಯ ಗುಡಿ ಕಡೆ ತಿರುಗಿ ಅವ್ವನಿಗೆ ಕೈಮುಗಿದನಂತೆ. ಆಮೇಲೆ ಅವಳ ಪಾದದ ಕುಂಕುಮ ತಗೊಂಡು ಬಂದು, ತನ್ನ ಕೈಯಾರೆ ಜಡಿಯಪ್ಪನ ಎಡಗೈಗೆ ಹಚ್ಚಿ, ತಪ್ಪು ನನ್ನದು, ಬಿಡಪ್ಪ ಅಂದನಂತೆ.

ಜಡಿಯಪ್ಪ ತುಟಿಯ ಅಂಚಿಗೆ ಎಳೆದ, ಮನಸ್ಸಲ್ಲೇ ಮೂರು ಸಲ ಶಿವ ಅಂದ, ಬಿಟ್ಟ. ಬಾಣ ಕೊಳ್ಳ ದಾಟಿ, ಆಚೆ ದಡದ ಕಾರೆಗಿಡವನ್ನೂ ದಾಟಿ ಹೋಯ್ತಂತೆ. ಪಾಲಯ್ಯನಿಗೆ ಅದು ಬಿದ್ದದ್ದು ಕಾಣಲಿಲ್ಲ, ಹೆದೆ ಸದ್ದು ಕೇಳಿದಾಗಲೇ ಕೂತುಬಿಟ್ಟಿದ್ದ, ಸಾಕು ಅಂತ.

ಬೇಟೇಲಿ ಜಡಿಯಪ್ಪ ಏನು ಹೊಡೆದ ಅಂತೀಯಾ? ಏನೂ ಇಲ್ಲ. ಒಂದು ಮೊಲ ಬಂತು, ಅದೂ ಇವನೂ ಒಬ್ಬರಿಗೊಬ್ಬರು ಹೆದರಿ ಆ ಕಡೆ ಈ ಕಡೆ ಓಡಿದರಂತೆ. ಹಂದಿ ಬಿದ್ದದ್ದು ಗಾದ್ರಯ್ಯನ ಬಾಣಕ್ಕೆ.

ಸಂಜೆ ಹೊತ್ತು ಇಳಿಯೋ ಮುಂಚೆ ಯಜಮಾನ ಬಂಡೆ ಮೇಲೆ ನಿಂತು ಹೆಸರು ಕೂಗಕ್ಕೆ ಶುರು ಮಾಡಿದ. ಒಂದೊಂದೇ ಮನೆಯೋರು ಓ ಅಂತ ಓಗೊಟ್ಟು, ಮುತ್ತುಗದೆಲೇಲಿ ಪಾಲು ಇಸ್ಕೊಂಡು ಹೋದರು. ಕೊನೆಗೆ ಪಾಲಯ್ಯನ ಮನೇ ಅಂತ ಕೂಗಿದನಂತೆ. ಮುದುಕ ಮಾತಾಡಲಿಲ್ಲ. ಇನ್ನೊಂದು ಸಲ ಕೂಗಿದ. ಆಗಲೂ ಮುದುಕ ಸುಮ್ಮನೇ ಕೂತಿದ್ದ. ಜಡಿಯಪ್ಪ ಗಾಬರಿಯಾಗಿ, ಮಾವಾ, ನಮ್ಮನ್ನೇ ಕೂಗ್ತಿದಾರೆ, ಕೇಳಿಸಲಿಲ್ಲವಾ ಅಂದ. ಪಾಲಯ್ಯ ಅವನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿ, ನನಗೆ ಕೇಳಿಸಿತು, ನಿನಗೆ ಕೇಳಿಸಲಿಲ್ಲವಾ, ಕೂಗ್ತಿರೋದು ನಿನ್ನನ್ನ ಅಂದನಂತೆ. ಮೂರನೇ ಸಲ ಕೂಗಿದಾಗ ಜಡಿಯಪ್ಪ ಓ ಅಂದ, ಅದು ಕೊಳ್ಳದಾಚೆ ಬಂಡೆಗೆ ಬಡಿದು ತಿರುಗಿ ಬಂತಂತೆ.

ಆಮೇಲೆ ಅವರು ಮೂವರೂ ಹೊಟ್ಟೆತುಂಬ ಉಂಡು, ಶಿವನನ್ನ ನೆನೆದು, ಬಿಲ್ಲಿನ ಹೆದೆ ಬಿಚ್ಚಿ ಅದನ್ನೂ ಮಲಗಿಸಿ, ತಾವೂ ಮಲಗಿದರಂತೆ. ಅವರು ಅಲ್ಲಿ ತಣ್ಣಗಿದ್ದರು, ನಾವು ಇಲ್ಲಿ ಬೆಚ್ಚಗಿದ್ದೀವಿ, ನನ್ನ ಕತೆ ಇಲ್ಲಿಗೆ ಮುಗೀತು. ಕಣ್ಣು ಮುಚ್ಚು ಮಗಾ.