ಕೆಂಪಿಗೆ ತಾಗಿದ ದೃಷ್ಟಿ

ಗದಿಗೆಪ್ಪನ ಹತ್ತಿರ ಒಂದು ಹಳೇ ಟ್ರ್ಯಾಕ್ಟರ್ ಇತ್ತು. ಅದಕ್ಕೆ ಕೆಂಪಿ ಅಂತ ಹೆಸರಿಟ್ಟಿದ್ದ. ಹಳೇದು ಅನ್ನುವ ಮಾತನ್ನು ಅವನೆದುರು ಆಡುವ ಹಾಗಿರಲಿಲ್ಲ. "ವಯಸ್ಸಾಗಿದ್ದು ನಿಮಗ, ನಮ್ಮ ಕೆಂಪಿಗಲ್ಲ" ಎಂದು ಮುಖ ಊದಿಸಿಕೊಳ್ಳುತ್ತಿದ್ದ.

ಪಕ್ಕದ ಹೊಲ ಅವನ ಗೆಳೆಯ ಫಕ್ಕೀರಪ್ಪನದು. ಫಕ್ಕೀರಪ್ಪನಿಗೆ ಟ್ರ್ಯಾಕ್ಟರ್ ಇರಲಿಲ್ಲ, ಗಟ್ಟಿಮುಟ್ಟಾದ ಜೋಡೆತ್ತುಗಳಿದ್ದವು. ಇಬ್ಬರ ನಡುವೆ ಮುಯ್ಯಿ ನಡೆಯುತ್ತಿತ್ತು. ಮುಯ್ಯಿ ಅಂದರೆ ಗೊತ್ತಲ್ಲ ಮಕ್ಕಳೇ? ನಿನ್ನ ಕೆಲಸಕ್ಕೆ ನಾನು ಬರ್ತೀನಿ, ನನ್ನ ಕೆಲಸಕ್ಕೆ ನೀನು ಬಾ ಅಂತ. ಬಿತ್ತನೆಗೆ ಮುಂಚೆ ಕೆಂಪಿ ಹೋಗಿ ಫಕ್ಕೀರಪ್ಪನ ಕಪ್ಪು ಮಣ್ಣಿನ ಎರೆಹೊಲವನ್ನು ಹರಗಿ, ಮಣ್ಣು ಸಡಿಲಿಸಿ ಹದ ಮಾಡಿ ಕೊಡುತ್ತಿದ್ದಳು. ಬೆಳೆ ಮೇಲೆದ್ದ ಮೇಲೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಲು ಆಗುವುದಿಲ್ಲ. ಆಗ ಫಕ್ಕೀರಪ್ಪನ ಎತ್ತುಗಳು ಬಂದು ಗದಿಗೆಪ್ಪನ ಜೋಳದ ಸಾಲುಗಳ ನಡುವೆ ಎಡೆ ಹೊಡೆದು ಕಳೆ ತೆಗೆಯುತ್ತಿದ್ದವು. ಇಬ್ಬರೂ ಒಂದೇ ಗಂಗಾಳದಲ್ಲಿ ಉಂಡು ಬೆಳೆದವರು.

ಆ ವರ್ಷ ಆಯುಧ ಪೂಜೆ ಬಂತು. ಗದಿಗೆಪ್ಪ ಕೆಂಪಿಗೆ ಹೊಸ ಬಣ್ಣ ಹಚ್ಚಲು ಹೊರಟ. ಪೇಂಟರನನ್ನು ಕರೆಯಲಿಲ್ಲ. "ಕೂಸಿಗೆ ತಾಯಿನ ನೀರು ಎರೀಬೇಕು, ಮಂದಿ ಎರದ್ರ ನಡೀತೈತೇನು?" ಎಂದು ತಾನೇ ಬ್ರಷ್ ಹಿಡಿದ. ಚಕ್ರದ ನಡುವಿಗೆ ಹಳದಿ, ಬಾನೆಟ್ಟಿಗೆ ಕೆಂಪು. ಇಂಜಿನ್ನಿನ ಪಕ್ಕದಲ್ಲಿ ಪವರ್ ಸ್ಟೇರಿಂಗಿನ ಆಯಿಲ್ ಹಾಕುವ ಪುಟ್ಟ ಡಬ್ಬಿಯೊಂದು ಇರುತ್ತದೆ. ಅದರ ಮುಚ್ಚಳವನ್ನೂ ಬಿಡಲಿಲ್ಲ, ದಪ್ಪಗೆ ಕೆಂಪು ಬಳಿದ. ಒಣಗಿದ ಮೇಲೆ ಇನ್ನೊಂದು ಸಲ ಬಳಿದ. ಅಷ್ಟಕ್ಕೂ ಮನಸ್ಸು ತುಂಬದೆ ಮತ್ತೊಂದು ಸಲ ಬಳಿದು, ಮೇಲೆ ಕುಂಕುಮ ಇಟ್ಟು ಕೈ ಮುಗಿದ.

ಮರುದಿನ ಬನ್ನಿ ಹಬ್ಬ. ನಮ್ಮ ಕಡೆ ಅವತ್ತು ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತೇವೆ. ಬನ್ನಿ ಕೊಡಲು ಬಂದ ಫಕ್ಕೀರಪ್ಪ ಅಂಗಳದಲ್ಲಿ ಕೆಂಪಿಯನ್ನು ಕಂಡು ಹಾಗೇ ನಿಂತುಬಿಟ್ಟ.

"ಅಬಬಬಾ! ಮದುವಿ ಹುಡುಗಿ ಕಂಡಂಗ ಕಾಣಾಕತ್ಯಾಳಲ್ಲಲೇ ಗದಿಗ್ಯಾ!"

ಅಂದದ್ದು ಅಷ್ಟೇ. ಮಾರನೇ ದಿನ ಹೊಲಕ್ಕೆ ಹೋಗಿ ಬಂದ ಕೆಂಪಿಯ ಕೆಳಗೆ ಆಯಿಲ್ ತೊಟ್ಟಿಕ್ಕಿ ಅಂಗಳವೆಲ್ಲ ಜಿಡ್ಡು. ಸ್ಟೇರಿಂಗ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಒಂದು ತಿರುವು ತಿರುಗಿಸುವಷ್ಟರಲ್ಲಿ ಗದಿಗೆಪ್ಪನ ರಟ್ಟೆ ಬಿದ್ದುಹೋಯಿತು.

ಪೇಟೆಯಿಂದ ಮೆಕ್ಯಾನಿಕ್ ಮಕ್ತುಂಸಾಬ ಬಂದು ಪೈಪ್ ಬದಲಿಸಿದ. ಸೋರಿತು. ಆಯಿಲ್ ಸೀಲ್ ಬದಲಿಸಿದ. ಆಗಲೂ ಸೋರಿತು. ಆಮೇಲೆ ಅವನು ಸ್ಪ್ಯಾನರ್ ಹಿಡಿದು ಮೇಲಿನ ಡಬ್ಬಿಯ ಕಡೆ ಕೈ ಚಾಚಿದ.

"ಏ ಏ ಏ! ಹೊಸಾ ಬಣ್ಣ ಅದು, ಪಾನಾ ತಾಗಿಸಬ್ಯಾಡ!" ಗದಿಗೆಪ್ಪ ಹಾರಿಬಂದ. "ಸೋರಾಕತ್ತಿದ್ದು ಕೆಳಗ. ನೀ ಮ್ಯಾಲೇನು ನೋಡ್ತಿ?"

ಮಕ್ತುಂಸಾಬನ ಸಿಟ್ಟೂ ಕಡಿಮೆಯದಲ್ಲ. "ಹಂಗಾದ್ರ ನಿನ್ನ ಗಾಡಿ ನೀನ ರಿಪೇರಿ ಮಾಡ್ಕೊ" ಎಂದು ಪಾನಾಗಳನ್ನು ಚೀಲಕ್ಕೆ ಒಗೆದು ಹೊರಟುಹೋದ.

ರಿಪೇರಿಗೆ ಬಗ್ಗದ್ದು ಇನ್ನೇನಿದ್ದೀತು? ದೃಷ್ಟಿಯೇ ಸರಿ! ಗದಿಗೆಪ್ಪ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ, ಉಪ್ಪು ನಿವಾಳಿಸಿ ಒಗೆದ, ತೆಂಗಿನಕಾಯಿ ಒಡೆದ. ಕೆಂಪಿ ಸೋರುತ್ತಲೇ ಇದ್ದಳು, ಅವನು ದಿನಾ ಆಯಿಲ್ ತುಂಬುತ್ತಲೇ ಇದ್ದ. ಹಾಗಾದರೆ ಯಾರ ದೃಷ್ಟಿ ಇದು? ಕೂತು ಯೋಚಿಸಿದ. ನಿಂತು ಯೋಚಿಸಿದ. ಆಮೇಲೆ ಹೊಲದ ಬದುವಿಗೆ ಹೋಗಿ ಕೂಗಿದ.

"ಫಕ್ಕೀರ್ಯಾ, ನಿನ್ನ ಕಣ್ಣು ತಾಗಿ ನನ್ನ ಕೆಂಪಿ ಹಾಳಾದಳು. ನಿನ್ನ ಮುಯ್ಯಿನೂ ಬ್ಯಾಡ, ನಿನ್ನ ದೋಸ್ತಿನೂ ಬ್ಯಾಡ!"

ಫಕ್ಕೀರಪ್ಪ ಮೊದಲು ಚೇಷ್ಟೆ ಅಂದುಕೊಂಡ. ಅಲ್ಲ ಅಂತ ತಿಳಿದಾಗ ಅವನ ಮುಖ ಸಣ್ಣದಾಯಿತು. "ಬನ್ನಿ ಕೊಟ್ಟ ಕೈಯಿಂದ ಕೇಡು ಬಗಿತೀನೇನೋ?" ಅಂದ. ಪಾಪ, ಬಹಳ ನೊಂದುಕೊಂಡ.

ಆದರೆ ಫಕ್ಕೀರಪ್ಪ ಕಿಲಾಡಿ ಮನುಷ್ಯ, ನೊಂದುಕೊಂಡು ಸುಮ್ಮನಿರುವವನಲ್ಲ. ಅಂದಿನಿಂದ ಕೆಂಪಿಯ ಸದ್ದು ಕೇಳಿದರೆ ಸಾಕು, ಹೆಗಲ ಮೇಲಿನ ಟವೆಲ್ ತೆಗೆದು ಮುಖ ಮುಚ್ಚಿಕೊಳ್ಳುತ್ತಿದ್ದ. "ನೋಡಿಲ್ಲಪ್ಪೋ! ನಾ ಏನೂ ನೋಡಿಲ್ಲ!" ಎಂದು ದಾರಿಯ ನಡುವೆ ಕೂಗುತ್ತಿದ್ದ. ಊರವರು ಹೊಟ್ಟೆ ಹಿಡಿದು ನಗುತ್ತಿದ್ದರು. ಗೆಳೆಯರಿಬ್ಬರಿಗೆ ಮಾತ್ರ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಎರೆಹೊಲದ ಹದ ಯಾರ ಜಗಳ ಮುಗಿಯಲಿ ಅಂತಲೂ ಕಾಯುವುದಿಲ್ಲ. ಬಿಸಿಲು ಏರುತ್ತಿತ್ತು, ನೆಲ ಆರುತ್ತಿತ್ತು. ಫಕ್ಕೀರಪ್ಪ ಎತ್ತು ಕಟ್ಟಿಕೊಂಡು ಒಬ್ಬನೇ ಹರಗುತ್ತಿದ್ದ. ಇನ್ನು ಕೆಲವೇ ದಿನಗಳಲ್ಲಿ ಕಡಲೆ ಬಿತ್ತದಿದ್ದರೆ ಅವನ ಅರ್ಧ ಹೊಲ ಆ ವರ್ಷ ಬೀಳು. ಎತ್ತು ಬರದಿದ್ದರೆ ಮುಂದೆ ಗದಿಗೆಪ್ಪನ ಜೋಳದಲ್ಲೂ ಕಳೆಯೇ ಬೆಳೆ. ಎಲ್ಲವೂ ಒಂದು ಟ್ರ್ಯಾಕ್ಟರ್ ಸೋರಿದ್ದಕ್ಕೆ!

ಇತ್ತ ಗದಿಗೆಪ್ಪನ ಹೆಂಡತಿ ದ್ಯಾಮವ್ವನ ಗೋಳೇ ಬೇರೆ. ಅಂಗಳದ ಆಯಿಲಿನಲ್ಲಿ ಕಾಲಿಟ್ಟ ಕೋಳಿಗಳು ನೇರ ಒಳಗೆ ಬಂದು ದೇವರ ಜಗಲಿಯ ತನಕ ಹೆಜ್ಜೆ ಮೂಡಿಸುತ್ತಿದ್ದವು. ನೆಲ ಒರೆಸಿ ಒರೆಸಿ ಅವಳಿಗೆ ಸಾಕಾಗಿ ಹೋಗಿತ್ತು.

ಒಂದು ಬೆಳಿಗ್ಗೆ ಗದಿಗೆಪ್ಪನಿಗೆ ಅವಸರ. "ಏ ಇಕಿನ, ಕೆಂಪಿಗೆ ಆಯಿಲ್ ಹಾಕು, ನಾ ಜಳಕ ಮಾಡಿ ಬರ್ತೀನಿ. ಬಣ್ಣಕ್ಕ ಉಗುರು ತಾಗಿಸೀಯ ಮತ್ತ!" ಎಂದು ಬಚ್ಚಲಿಗೆ ಹೋದ. ರೊಟ್ಟಿ ಬಡಿಯುತ್ತಿದ್ದ ದ್ಯಾಮವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಆಯಿಲ್ ಹಾಕಿದಳು. ಮುಚ್ಚಳ ಇಟ್ಟು ಅರ್ಧ ಸುತ್ತು ತಿರುಗಿಸಿದ್ದಳು, ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅಯ್ಯಯ್ಯೋ ಎಂದು ಒಳಗೆ ಓಡಿದಳು.

ಮಧ್ಯಾಹ್ನ ಕೆಂಪಿ ಮನೆಗೆ ಬಂದಳು. ಕೋಳಿಗಳೂ ಎಂದಿನಂತೆ ಒಳಗೆ ಬಂದವು. ದ್ಯಾಮವ್ವ ಒರೆಸುವ ಬಟ್ಟೆ ಹಿಡಿದು ನೋಡುತ್ತಾಳೆ, ಒಂದು ಹೆಜ್ಜೆಯೂ ಇಲ್ಲ!

"ರೀ, ಇಲ್ಲಿ ಬರ್ರಿ! ಕೋಳಿ ಕಾಲು ನೋಡ್ರಿ, ಹೆಂಗ ಸ್ವಚ್ಛ ಅದಾವ!"

ಗದಿಗೆಪ್ಪ ಕೆಂಪಿಯ ಕೆಳಗೆ ತೂರಿ ಮಲಗಿ ನೋಡಿದ. ಒಂದು ಹನಿ ಇಲ್ಲ. "ದೃಷ್ಟಿ ಬಿಡ್ತು! ದೃಷ್ಟಿ ಬಿಡ್ತು!" ಎಂದು ಕುಣಿಯುತ್ತ ಎದ್ದವನ ಕಣ್ಣಿಗೆ ಸಡಿಲಾಗಿದ್ದ ಮುಚ್ಚಳ ಬಿತ್ತು. "ಮುಚ್ಚಳಾ ಹಿಂಗ ಬಿಡೂದೇನ? ತಲಿಯಾಗ ಬುದ್ಧಿ ಐತೋ ಇಲ್ಲೋ?" ಎಂದು ಹೆಂಡತಿಯನ್ನು ಬೈದು, ಅದನ್ನು ಗಟ್ಟಿಯಾಗಿ ಬಿಗಿದು, ಖುಷಿಗೆ ಊರೆಲ್ಲ ಒಂದು ಸುತ್ತು ಹೊಡೆದು ಬಂದ.

ಬಂದು ನಿಲ್ಲಿಸಿದ. ತೊಟ್. ತೊಟ್. ತೊಟ್.

ಗದಿಗೆಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ದ್ಯಾಮವ್ವ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಸಡ್ಲ ಇದ್ದಾಗ ಸೋರಲಿಲ್ಲ, ಬಿಗದ ಕೂಡ್ಲೇ ಸೋರಾಕತ್ತೇತಿ. ಅಲ್ರಿ, ಕುದಿಯೋ ಅನ್ನದ ಗಡಿಗಿ ಮುಚ್ಚಳಾ ಗಟ್ಟಿ ಒತ್ತಿ ಹಿಡದ್ರ ಏನಾಕ್ಕೈತಿ? ಗಂಜಿ ಬದೀಲಿಂದ ಉಕ್ಕಿ ಬರ್ತೈತಿಲ್ಲೋ?"

ಅವಳು ಮುಚ್ಚಳ ತಿರುವಿದಳು. ಫುಸ್ಸ್ ಎಂದು ಒಳಗಿನ ಗಾಳಿ ಹೊರಬಂತು. ಮುಚ್ಚಳದ ಒಳಗಡೆ ನೋಡಿದರೆ ನಡುವೆ ಸಾಸಿವೆ ಕಾಳಿನಷ್ಟು ತೂತು ಕಾಣಿಸಿತು. ಮೇಲುಗಡೆ ನೋಡಿದರೆ ಆ ತೂತೇ ಇಲ್ಲ, ಬರೀ ಕೆಂಪು ಬಣ್ಣ. ಬಿಸಿಯಾದ ಆಯಿಲ್ ಉಬ್ಬಿದಾಗ ಗಾಳಿ ಹೋಗಲೆಂದು ಮಾಡಿದ ತೂತು ಅದು. ಗಾಳಿ ಹೋಗಲು ಜಾಗವಿಲ್ಲದ್ದಕ್ಕೆ ಆಯಿಲ್ ಕೆಳಗಿನ ಸಂದಿಯಲ್ಲಿ ದಾರಿ ಮಾಡಿಕೊಂಡಿತ್ತು. ದ್ಯಾಮವ್ವ ಚೀಲ ಹೊಲಿಯುವ ದಬ್ಬಣ ತಂದು ಚುಚ್ಚಿದಳು. ಬಣ್ಣದ ಚಕ್ಕೆ ಎದ್ದು ಬಿತ್ತು.

"ಈ ಬಣ್ಣಾ ಬಳದವರು ಯಾರ್ರಿ?"

ಗದಿಗೆಪ್ಪ ಆಕಾಶ ನೋಡಿದ.

"ದೃಷ್ಟಿ ತಾಗಿದ್ದು ಖರೇನ ಐತಿ ಬಿಡ್ರಿ" ಎಂದು ದ್ಯಾಮವ್ವ ನಕ್ಕಳು. "ಹೆತ್ತ ತಾಯಿ ಕಣ್ಣೂ ಕೂಸಿಗೆ ತಾಗ್ತೈತಂತ. ತಾಗಿದ್ದು ನಿಮ್ಮದ!"

ಗದಿಗೆಪ್ಪನಿಗೆ ನಗು ಬರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಊಟಕ್ಕೂ ಕೂರದೆ ಕೆಂಪಿಯನ್ನು ಹೊರಡಿಸಿದ. ದಾರಿಯಲ್ಲಿ ಒಂದು ಮರದ ಕೆಳಗೆ ಇಳಿದು, ಏನನ್ನೋ ಕಿತ್ತು ಜೇಬಿಗೆ ಹಾಕಿಕೊಂಡ.

ಟ್ರ್ಯಾಕ್ಟರಿನ ಸದ್ದು ಕೇಳುತ್ತಲೇ ಹೊಲದಲ್ಲಿದ್ದ ಫಕ್ಕೀರಪ್ಪ ಟವೆಲ್ ಮುಖಕ್ಕೆ ಎಳೆದುಕೊಂಡ. "ನೋಡಿಲ್ಲಪ್ಪೋ!"

"ಟವೆಲ್ ತಗಿಯೋ ಫಕ್ಕೀರಪ್ಪ" ಎನ್ನುತ್ತ ಗದಿಗೆಪ್ಪ ಕೆಂಪಿಯಿಂದ ಕೆಳಗಿಳಿದ. "ನಿನ್ನ ಕಣ್ಣಿಂದು ಏನೂ ತಪ್ಪಿಲ್ಲ. ನಾನ ಬಣ್ಣಾ ಬಳದು ಮುಚ್ಚಳದ ತೂತು ಮುಚ್ಚಿದ್ದೆ. ನಿನಗ ಅನಬಾರದ್ದು ಅಂದೆ. ತಪ್ಪಾತು."

ಜೇಬಿನಿಂದ ಬನ್ನಿ ಎಲೆ ತೆಗೆದು ಚಾಚಿದ. "ಬನ್ನಿ ತಗೋ. ಬಂಗಾರದಂಗ ಇರೂಣು."

ಟವೆಲ್ ನಿಧಾನಕ್ಕೆ ಕೆಳಗಿಳಿಯಿತು. ಫಕ್ಕೀರಪ್ಪನ ಕಣ್ಣುಗಳು ಒದ್ದೆಯಾಗಿದ್ದವು. ಎಲೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಗೆಳೆಯನನ್ನು ತಬ್ಬಿದ. ಆಮೇಲೆ ಕೆಂಪಿಯನ್ನು ಮೇಲಿಂದ ಕೆಳಗಿನ ತನಕ ನೋಡಿ, "ಒಂದು ಮಾತು ಅನ್ಲಾ? ಇವತ್ತೂ ಮದುವಿ ಹುಡುಗಿ ಕಂಡಂಗ ಕಾಣಾಕತ್ಯಾಳ" ಅಂದ.

ಗದಿಗೆಪ್ಪ ಗಬಕ್ಕನೆ ಬಗ್ಗಿ ಟ್ರ್ಯಾಕ್ಟರಿನ ಕೆಳಗೆ ನೋಡಿದ. ನೆಲ ಒಣಗಿತ್ತು. ಫಕ್ಕೀರಪ್ಪ ನಕ್ಕ ನಗೆಗೆ ಎತ್ತುಗಳು ಬೆಚ್ಚಿ ಕಿವಿ ನಿಮಿರಿಸಿದವು. ಗದಿಗೆಪ್ಪನೂ ನಕ್ಕ. ಹೊತ್ತು ಮುಳುಗುವಷ್ಟರಲ್ಲಿ ಹೊಲವೆಲ್ಲ ಹರಗಿ ಮುಗಿದಿತ್ತು. ಮರುದಿನ ಹಸಿ ಇರುವಾಗಲೇ ಕಡಲೆ ನೆಲ ಸೇರಿತು.

ನೀತಿ: ಮನೆಯಲ್ಲಿ ಏನಾದರೂ ಕೆಟ್ಟರೆ ನೆರೆಯವನ ಕಣ್ಣನ್ನು ದೂರುವ ಮೊದಲು ನಮ್ಮ ಕೈ ಎಲ್ಲೆಲ್ಲಿ ಆಡಿದೆ ಎಂದು ನೋಡಬೇಕು. ಪ್ರೀತಿಯಿಂದ ಮಾಡಿದ ತಪ್ಪೂ ತಪ್ಪೇ, ಒಪ್ಪಿಕೊಂಡರೆ ಮಾತ್ರ ಅದು ರಿಪೇರಿಯಾಗುತ್ತದೆ. ಇನ್ನೊಂದು ಮಾತು: ಪಕ್ಕದ ಮನೆಯವನಿಗೆ ಬುದ್ಧಿ ಬರಲಿ ಅಂತ ಈ ಕಥೆಯನ್ನು ಅವನಿಗೆ ಕಳಿಸುವವರು, ಮೊದಲು ತಮ್ಮ ಮುಚ್ಚಳ ನೋಡಿಕೊಳ್ಳಿ.